ಕಂಪ್ಯೂಟರಿಗೆ ಕಂಪ್ಯೂಟರ್ ಓಗೊಡುವ ಬಗೆ



ವಾರ್ತಾ ಪ್ರಸಾರ ನೋಡುವಾಗ ನೀವೆಲ್ಲ ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಸ್ಟುಡಿಯೋದಲ್ಲಿ ಕುಳಿತವರು ದೂರದ ಊರಿನ ವರದಿಗಾರರಿಗೆ ಒಂದು ಪ್ರಶ್ನೆ ಕೇಳುತ್ತಾರೆ. ವರದಿಗಾರರು ಮೈಕು ಹಿಡಿದು ಸುಮ್ಮನೆ ನಿಂತೇ ಇರುತ್ತಾರೆ. ಒಂದು ಕ್ಷಣ ಕಳೆದ ಮೇಲೆ ತಲೆಯಾಡಿಸಿ ಮಾತು ಶುರು ಮಾಡುತ್ತಾರೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲವೆಂದಲ್ಲ. ಪ್ರಶ್ನೆ ಅವರನ್ನು ಇನ್ನೂ ತಲುಪಿಯೇ ಇರಲಿಲ್ಲ. ಭೂಸ್ಥಿರ ಉಪಗ್ರಹ ನಮ್ಮ ತಲೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಮಾತು ಮೇಲೆ ಹೋಗಿ ಕೆಳಗೆ ಬರಬೇಕಾದರೆ 72,000 ಕಿ.ಮೀ. ಪಯಣ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಲೆಕ್ಕ ಹಾಕಿ ನೋಡಿ: 0.24 ಸೆಕೆಂಡು. ಉತ್ತರ ಮರಳಿ ಬರಲು ಮತ್ತೆ ಅಷ್ಟೇ. ಒಟ್ಟಿನಲ್ಲಿ ಅರ್ಧ ಸೆಕೆಂಡಿಗೆ ಹತ್ತಿರ.

ಕೂಗು ಹೋಗಿ "ಓ" ಎಂಬ ಮರುದನಿ ಬರುವುದಕ್ಕೆ ಹಿಡಿಯುವ ಈ ಕಾಲವೇ ನಮ್ಮ ಇಂದಿನ ವಿಷಯದ ಬೀಜ. ಎರಡು ಕಂಪ್ಯೂಟರುಗಳು ನಡುವೆ ಯಜಮಾನನಿಲ್ಲದೆ ನೇರವಾಗಿ ಮಾತನಾಡುವುದು ಹೇಗೆ? ಮಾತು ನಿಂತುಹೋದರೆ ತಪ್ಪು ಯಾವ ಕಡೆ ಇದೆಯೆಂದು ಕಂಡುಹಿಡಿಯುವುದು ಹೇಗೆ? ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಕಪ್ಪು ಪರದೆಯ ಮೇಲೆ ಬೆರಳಚ್ಚಿಸುವ ಮೂರು ನಾಲ್ಕು ಪುಟ್ಟ ಆಜ್ಞೆಗಳು ಸಾಕು.

ಸರಿಸಮಾನರ ಮಾತುಕತೆ

ನಾವು ದಿನನಿತ್ಯ ಬಳಸುವ ಹೆಚ್ಚಿನ ಸೇವೆಗಳಲ್ಲಿ ಒಂದು ಕಂಪ್ಯೂಟರ್ ಕೊಡುವುದು, ಇನ್ನೊಂದು ಕೇಳುವುದು. ಕೊಡುವುದಕ್ಕೆ ಸರ್ವರ್ ಎಂದು ಹೆಸರು, ಕೇಳುವುದಕ್ಕೆ ಕ್ಲೈಂಟ್ ಎಂದು ಹೆಸರು. ಪರೀಕ್ಷಾ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಂದೇ ಸರ್ವರಿನ ಬಾಗಿಲು ಬಡಿದಾಗ ಏನಾಗುತ್ತದೆಂಬುದು ನಿಮಗೆ ಅನುಭವದಿಂದಲೇ ಗೊತ್ತು. ಇನ್ನೊಂದು ಬಗೆಯ ಏರ್ಪಾಡಿನಲ್ಲಿ ಪ್ರತಿ ಕಂಪ್ಯೂಟರೂ ಕೊಡಬಲ್ಲದು, ಕೇಳಬಲ್ಲದು. ಇದೇ ಪೀರ್-ಟು-ಪೀರ್, ಅಂದರೆ ಸರಿಸಮಾನರ ಜಾಲ.

ಇದು ಹೊಸದಲ್ಲ. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟಾನ್‌ಫೋರ್ಡ್ ಸಂಶೋಧನಾ ಸಂಸ್ಥೆಗೆ ಅರ್ಪಾನೆಟ್‌ನ ಮೊದಲ ಸಂದೇಶ ಹೋಯಿತು. "ಲಾಗಿನ್" ಎಂಬ ಪದವನ್ನು ಕಳುಹಿಸಹೊರಟಿದ್ದರು. ಎಲ್ ಬಂತೇ, ಓ ಬಂತೇ ಎಂದು ಎರಡೂ ಕಡೆಯವರು ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದರು. ಎರಡು ಅಕ್ಷರ ದಾಟುವಷ್ಟರಲ್ಲಿ ಯಂತ್ರ ಕೈಕೊಟ್ಟಿತು! ಜಾಲದ ಮೊದಲ ದಿನವೇ ಪರೀಕ್ಷೆ, ಮೊದಲ ದಿನವೇ ವೈಫಲ್ಯ. ಅಲ್ಲಿಂದ ಮುಂದೆ 1999ರಲ್ಲಿ ನ್ಯಾಪ್‌ಸ್ಟರ್, 2001ರಲ್ಲಿ ಬಿಟ್‌ಟೊರೆಂಟ್ ಬಂದು ಈ ಸರಿಸಮಾನ ಪದ್ಧತಿಯನ್ನು ಮನೆಮನೆಗೆ ತಲುಪಿಸಿದವು. ನ್ಯಾಪ್‌ಸ್ಟರ್ ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಸಿಲುಕಿ 2001ರಲ್ಲಿ ನಿಂತುಹೋಯಿತು. ಬಿಟ್‌ಟೊರೆಂಟ್ ಪದ್ಧತಿಯಿಂದ ಇಂದಿಗೂ ಲಿನಕ್ಸ್‌ನಂತಹ ಮುಕ್ತ ತಂತ್ರಾಂಶಗಳನ್ನು ಹಂಚುತ್ತಾರೆ. ಇಬ್ಬರೇ ಮಾತನಾಡುವ ಇಂಟರ್‌ನೆಟ್ ಕರೆಗಳಲ್ಲಿಯೂ ಎಷ್ಟೋ ಸಲ ಧ್ವನಿ ಹರಿಯುವುದು ಹೀಗೆ ನೇರವಾಗಿಯೇ.

ಮನೆ ಸಂಖ್ಯೆ ಮತ್ತು ಬಾಗಿಲ ಸಂಖ್ಯೆ

ಒಂದು ಕಂಪ್ಯೂಟರನ್ನು ಕರೆಯಬೇಕಾದರೆ ಎರಡು ಸಂಖ್ಯೆಗಳು ತಿಳಿದಿರಬೇಕು. ಒಂದು, ಐಪಿ ವಿಳಾಸ. ಇದು ಮನೆ ಸಂಖ್ಯೆ ಇದ್ದಂತೆ. ಉದಾಹರಣೆಗೆ 192.168.1.7. ಇನ್ನೊಂದು, ಪೋರ್ಟ್, ಇದು ಆ ಮನೆಯ ಬಾಗಿಲ ಸಂಖ್ಯೆ. ಒಂದು ಕಂಪ್ಯೂಟರಿಗೆ 0ಯಿಂದ 65,535ರವರೆಗೆ ಬಾಗಿಲುಗಳಿವೆ. ಸುರಕ್ಷಿತ ಜಾಲಪುಟಗಳು ಸಾಮಾನ್ಯವಾಗಿ 443ನೇ ಬಾಗಿಲಿನಲ್ಲಿ ದೊರೆಯುತ್ತವೆ. ಬಾಗಿಲಿನ ಹಿಂದೆ ಯಾವುದಾದರೊಂದು ಪ್ರೋಗ್ರಾಂ ಕಿವಿಗೊಟ್ಟು ಕುಳಿತಿದ್ದರೆ ಮಾತ್ರ ಕರೆದವರಿಗೆ ಉತ್ತರ ಸಿಗುತ್ತದೆ. ಮನೆ ಇರುವುದೇ ಬೇರೆ, ಬಾಗಿಲು ತೆರೆಯುವವರಿರುವುದೇ ಬೇರೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮುಂದಿನ ಎಲ್ಲ ಪರೀಕ್ಷೆಗಳೂ ಇದರ ಮೇಲೆಯೇ ನಿಂತಿವೆ.

ಮೊದಲ ಕೂಗು: ಪಿಂಗ್

1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಮೈಕ್ ಮೂಸ್ ಎಂಬವರು ತಮ್ಮ ಜಾಲದ ತೊಂದರೆಯೊಂದನ್ನು ಬೆನ್ನುಹತ್ತಿ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಗಳು ಸಮುದ್ರದಡಿಯಲ್ಲಿ ಶಬ್ದ ಹೊರಡಿಸಿ ಮರುದನಿಯಿಂದ ದೂರ ಅಳೆಯುತ್ತವಲ್ಲವೇ? ಆ ಸೋನಾರ್ ಶಬ್ದದ ನೆನಪಿನಿಂದಲೇ ಅದಕ್ಕೆ ಪಿಂಗ್ ಎಂದು ಹೆಸರಿಟ್ಟರು. ನಲವತ್ತು ವರ್ಷ ಕಳೆದರೂ ಅದು ಇಂದು ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳಲ್ಲಿಯೂ ಇದೆ.

ಪ್ರಯೋಗ ಸುಲಭ. ಒಂದೇ ವೈಫೈಗೆ ಸೇರಿದ ಎರಡು ಕಂಪ್ಯೂಟರುಗಳನ್ನು ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆಯಿರಿ. ಆಜ್ಞೆಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು. ಪಿಂಗ್ ಎಂದು ಬರೆದು, ಒಂದು ಅಕ್ಷರದ ಜಾಗ ಬಿಟ್ಟು, ಇನ್ನೊಂದು ಕಂಪ್ಯೂಟರಿನ ಐಪಿ ವಿಳಾಸ ಬರೆದು ಎಂಟರ್ ಒತ್ತಿ. ವಿಂಡೋಸ್ ನಾಲ್ಕು ಸಲ ಕೂಗಿ ನಿಲ್ಲುತ್ತದೆ. ಲಿನಕ್ಸ್ ನೀವು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತುವವರೆಗೂ ಕೂಗುತ್ತಲೇ ಇರುತ್ತದೆ.

ಪ್ರತಿ ಸಾಲಿನಲ್ಲಿ ಮಿಲಿಸೆಕೆಂಡುಗಳಲ್ಲಿ ಕಾಲ ಕಾಣುತ್ತದೆ. ಒಂದು ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ಬೆಂಗಳೂರಿನಿಂದ ದೆಹಲಿಗೆ ನೇರ ದೂರ ಸುಮಾರು 1,740 ಕಿ.ಮೀ. ಹೋಗಿ ಬರಲು 3,480 ಕಿ.ಮೀ. ಅಂದರೆ ಅಲ್ಲಿಯ ಕಂಪ್ಯೂಟರಿನಿಂದ ಮರುದನಿ ಬರಲು ಕನಿಷ್ಠ 17 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ಲು ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಯಾರಾದರೂ ದೆಹಲಿಯ ಯಂತ್ರದಿಂದ 5 ಮಿಲಿಸೆಕೆಂಡಿನಲ್ಲಿ ಉತ್ತರ ಬಂತೆಂದರೆ ನಂಬಬೇಡಿ. ಉತ್ತರ ಕೊಟ್ಟದ್ದು ಹತ್ತಿರದ ಇನ್ನಾವುದೋ ಯಂತ್ರ. ಭೌತಶಾಸ್ತ್ರದ ನಿಯಮವನ್ನು ಯಾವ ಕಂಪನಿಯೂ ಮೀರಲಾರದು.

ಮರುದನಿ ಬಾರದಿದ್ದರೆ ಆ ಕಂಪ್ಯೂಟರ್ ಸತ್ತಿದೆಯೆಂದು ಅರ್ಥವೇ? ಅಲ್ಲ. ಎಷ್ಟೋ ಯಂತ್ರಗಳ ಫೈರ್‌ವಾಲ್, ಅಂದರೆ ಕಾವಲು ತಂತ್ರಾಂಶ, ಪಿಂಗ್‌ಗೆ ಉತ್ತರಿಸದಂತೆ ತಡೆದಿರುತ್ತದೆ. ಹಾಸ್ಟೆಲುಗಳ ಕೆಲವು ವೈಫೈ ಜಾಲಗಳಲ್ಲಿ ಒಂದು ಯಂತ್ರ ಇನ್ನೊಂದನ್ನು ಕಾಣದಂತೆಯೂ ವ್ಯವಸ್ಥೆ ಮಾಡಿರುತ್ತಾರೆ. ಮರುದನಿ ಬಂದರೆ ದಾರಿ ಇದೆ ಎಂಬುದು ಖಚಿತ. ಬಾರದಿದ್ದರೆ ಯಾವುದೂ ಖಚಿತವಲ್ಲ.

ದಾರಿಯನ್ನು ಕಾಣುವುದು: ಟ್ರೇಸ್‌ರೂಟ್

ಕೂಗು ಎಲ್ಲಿ ಕಳೆದುಹೋಯಿತೆಂದು ತಿಳಿಯಲು ಇನ್ನೊಂದು ಜಾಣತನದ ಉಪಾಯವಿದೆ. 1980ರ ದಶಕದ ಕೊನೆಯಲ್ಲಿ ವ್ಯಾನ್ ಜೇಕಬ್‌ಸನ್ ಎಂಬವರು ಇದನ್ನು ರೂಪಿಸಿದರು. ಜಾಲದಲ್ಲಿ ಹೋಗುವ ಪ್ರತಿ ಪೊಟ್ಟಣದ ಮೇಲೂ ಆಯುಷ್ಯದ ಒಂದು ಸಂಖ್ಯೆ ಬರೆದಿರುತ್ತದೆ. ದಾರಿಯಲ್ಲಿ ಸಿಗುವ ಒಂದೊಂದು ರೂಟರೂ ಆ ಸಂಖ್ಯೆಯಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪೊಟ್ಟಣವನ್ನು ಎಸೆದು, "ನಿಮ್ಮ ಪೊಟ್ಟಣದ ಆಯುಷ್ಯ ಮುಗಿಯಿತು" ಎಂದು ಕಳುಹಿಸಿದವರಿಗೆ ತಿಳಿಸುತ್ತದೆ. ದಾರಿ ತಪ್ಪಿದ ಪೊಟ್ಟಣಗಳು ಜಾಲದಲ್ಲಿ ಕೊನೆಯಿಲ್ಲದೆ ಸುತ್ತಬಾರದೆಂದು ಮಾಡಿದ ಏರ್ಪಾಡು ಇದು.

ಟ್ರೇಸ್‌ರೂಟ್ ಮೊದಲು ಆಯುಷ್ಯ 1 ಇರುವ ಪೊಟ್ಟಣವನ್ನು ಕಳುಹಿಸುತ್ತದೆ. ಮೊದಲ ರೂಟರಿನಿಂದ ಪತ್ರ ಬರುತ್ತದೆ. ನಂತರ ಆಯುಷ್ಯ 2. ಎರಡನೆಯ ರೂಟರಿನಿಂದ ಪತ್ರ. ಹೀಗೆ ಒಂದೊಂದು ಮೈಲಿಗಲ್ಲೂ ತಾನಾಗಿಯೇ ತನ್ನ ಗುರುತು ಹೇಳುತ್ತದೆ. ವಿಂಡೋಸ್‌ನಲ್ಲಿ ಈ ಆಜ್ಞೆಗೆ ಟ್ರೇಸರ್ಟ್ ಎಂಬ ಮೊಟಕಾದ ಹೆಸರು. ನಡುವೆ ನಕ್ಷತ್ರದ ಗುರುತುಗಳು ಕಂಡರೆ ಗಾಬರಿ ಬೇಡ. ಆ ರೂಟರ್ ಪತ್ರ ಬರೆಯುವುದಿಲ್ಲ, ಅಷ್ಟೇ. ಮುಂದಿನ ಸಾಲುಗಳಲ್ಲಿ ಉತ್ತರ ಬರುತ್ತಿದ್ದರೆ ದಾರಿ ಸರಿಯಾಗಿಯೇ ಇದೆ.

ಬಾಗಿಲು ಬಡಿಯುವುದು: ನೆಟ್‌ಕ್ಯಾಟ್

ಪಿಂಗ್ ಮನೆ ಇದೆಯೇ ಎಂದು ಕೇಳುತ್ತದೆ. ಬಾಗಿಲು ತೆರೆಯುವವರಿದ್ದಾರೆಯೇ ಎಂದು ಕೇಳಲು ಬೇರೆ ಉಪಕರಣ ಬೇಕು. 1995ರಲ್ಲಿ ಹಾಬಿಟ್ ಎಂಬ ಅಡ್ಡಹೆಸರಿನ ಪ್ರೋಗ್ರಾಮರೊಬ್ಬರು ಹೊರತಂದ ನೆಟ್‌ಕ್ಯಾಟ್ ಅಂತಹ ಉಪಕರಣ. ಆಜ್ಞೆಯ ಹೆಸರು ಎನ್ ಮತ್ತು ಸಿ ಎಂಬ ಎರಡೇ ಅಕ್ಷರ. ಲಿನಕ್ಸ್‌ನ ಅನೇಕ ಆವೃತ್ತಿಗಳಲ್ಲಿ ಇದು ಮೊದಲೇ ಇರುತ್ತದೆ. ವಿಂಡೋಸ್‌ನಲ್ಲಿ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

ಮೊದಲ ಕಂಪ್ಯೂಟರಿನಲ್ಲಿ ಎನ್‌ಸಿ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎಲ್ ಅಕ್ಷರ, ಮತ್ತೆ ಜಾಗ ಬಿಟ್ಟು 5000 ಎಂದು ಬರೆಯಿರಿ. ಎಲ್ ಎಂದರೆ ಕಿವಿಗೊಡು ಎಂದರ್ಥ. ಈಗ ಆ ಯಂತ್ರ 5000ನೇ ಬಾಗಿಲಿನಲ್ಲಿ ಕಾದು ಕುಳಿತಿದೆ. (ಕೆಲವು ಹಳೆಯ ಆವೃತ್ತಿಗಳಲ್ಲಿ ಸಂಖ್ಯೆಗೆ ಮೊದಲು ಅಡ್ಡಗೆರೆ ಮತ್ತು ಪಿ ಅಕ್ಷರವನ್ನೂ ಸೇರಿಸಬೇಕು.) ಎರಡನೆಯ ಕಂಪ್ಯೂಟರಿನಲ್ಲಿ ಎನ್‌ಸಿ, ನಂತರ ಮೊದಲನೆಯದರ ಐಪಿ ವಿಳಾಸ, ನಂತರ 5000 ಎಂದು ಬರೆದು ಎಂಟರ್ ಒತ್ತಿ. ಇನ್ನು ಇಲ್ಲಿ ಬರೆದ ಸಾಲು ಅಲ್ಲಿ ಕಾಣುತ್ತದೆ, ಅಲ್ಲಿ ಬರೆದದ್ದು ಇಲ್ಲಿ ಕಾಣುತ್ತದೆ. ನಡುವೆ ಯಾವ ಕಂಪನಿಯ ಸರ್ವರೂ ಇಲ್ಲ! ಇದೇ ಅತ್ಯಂತ ಸರಳವಾದ ಸರಿಸಮಾನರ ಸಂಪರ್ಕ. ಒಂದು ಎಚ್ಚರಿಕೆ: ಈ ಮಾತುಗಳಿಗೆ ಗೂಢಲಿಪಿಯ ರಕ್ಷಣೆ ಇಲ್ಲ. ನಡುದಾರಿಯಲ್ಲಿ ಕುಳಿತವರು ಓದಬಹುದು. ಆದ್ದರಿಂದ ಪರೀಕ್ಷೆಗೆ ಮಾತ್ರ ಬಳಸಿ, ಪಾಸ್‌ವರ್ಡುಗಳನ್ನು ಕಳುಹಿಸಬೇಡಿ.

ಬರೀ ಬಾಗಿಲು ತಟ್ಟಿ ನೋಡಬೇಕಾದರೆ ಅಡ್ಡಗೆರೆಯ ನಂತರ ಝಡ್ ಮತ್ತು ವಿ ಅಕ್ಷರಗಳನ್ನು ಸೇರಿಸಬೇಕು. ಆಗ ಮೂರು ಬಗೆಯ ಉತ್ತರ ಬರಬಹುದು. "ಸಕ್ಸೀಡೆಡ್" ಎಂದರೆ ಬಾಗಿಲು ತೆರೆದಿದೆ. "ರೆಫ್ಯೂಸ್ಡ್" ಎಂದರೆ ಸಾಮಾನ್ಯವಾಗಿ ಮನೆ ಇದೆ, ದಾರಿಯೂ ಇದೆ, ಆದರೆ ಆ ಬಾಗಿಲಿನ ಹಿಂದೆ ಯಾರೂ ಇಲ್ಲ. "ಟೈಮ್ಡ್ ಔಟ್" ಎಂದರೆ ಯಾರೂ ಏನೂ ಹೇಳಲಿಲ್ಲ: ಫೈರ್‌ವಾಲ್ ನುಂಗಿರಬಹುದು, ವಿಳಾಸ ತಪ್ಪಿರಬಹುದು, ಯಂತ್ರ ಆರಿರಬಹುದು. ನಿರಾಕರಣೆಯೂ ಒಂದು ಉತ್ತರವೇ. ಮೌನಕ್ಕಿಂತ ಅದು ಎಷ್ಟೋ ಹೆಚ್ಚು ತಿಳಿಸುತ್ತದೆ. ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ.

ಒಂದು ಸಂಜೆಯ ಕಥೆ

ಕೆಲವು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚಿನ ನೇರಪ್ರಸಾರವೊಂದನ್ನು ನಾನು ನಡೆಸಿಕೊಡುತ್ತಿದ್ದೆ. ಉತ್ತರ ಕರ್ನಾಟಕದ ಒಂದು ಊರಿನಿಂದ ಗಣಿತದ ಮೇಷ್ಟ್ರು ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಅವರ ಧ್ವನಿ ಅಲ್ಲಿಯ ಕಂಪ್ಯೂಟರಿನಿಂದ ನಮ್ಮ ಸ್ಟುಡಿಯೋದ ಕಂಪ್ಯೂಟರಿಗೆ ನೇರವಾಗಿ ಬರಬೇಕು. ಪ್ರಸಾರಕ್ಕೆ ಇಪ್ಪತ್ತು ನಿಮಿಷ ಇರುವಾಗ ಸಂಪರ್ಕ ಇಲ್ಲ. ನಾನು ಫೋನೆತ್ತಿ ಅಲ್ಲಿದ್ದ ಹುಡುಗನ ಮೇಲೆ ಹರಿಹಾಯ್ದೆ. "ಎಷ್ಟು ಸಲ ಹೇಳಬೇಕು ನಿಮಗೆ, ಮೊದಲೇ ಎಲ್ಲ ನೋಡಿಕೊಳ್ಳಿ ಅಂತ?" ಅವನು ದನಿ ಏರಿಸಲಿಲ್ಲ. "ಸರ್, ಪಿಂಗ್ ಬರಾಕತ್ತೈತ್ರಿ. ಎನ್‌ಸಿ ಹಚ್ಚಿ ನೋಡೀನ್ರಿ. ನಿಮ್ಮ ಕಡೆ ರೆಫ್ಯೂಸ್ಡ್ ಅಂತ ಬರತೈತ್ರಿ. ಒಮ್ಮೆ ನಿಮ್ಮ ಮಷೀನ್ ನೋಡ್ರಲಾ" ಎಂದ. ನನಗೆ ಅದು ನೆಪವೆಂದೇ ತೋರಿತು. ಇನ್ನೂ ಹತ್ತು ನಿಮಿಷ ಅವನಿಂದಲೇ ಅದನ್ನು ಮಾಡಿಸಿದೆ, ಇದನ್ನು ಮಾಡಿಸಿದೆ. ಪ್ರಸಾರ ಶುರುವಾಯಿತು. ಮೇಷ್ಟ್ರ ಧ್ವನಿಯನ್ನು ಸಾಧಾರಣ ಫೋನಿನಿಂದ ಹಿಡಿಯಬೇಕಾಯಿತು. ವರ್ಗ ಸಮೀಕರಣದ ಬಗ್ಗೆ ಮೊದಲ ಪ್ರಶ್ನೆ ಕೇಳಿದ ಹುಡುಗಿಗೆ ಅವರ ಉತ್ತರ ಅರ್ಧವೂ ಕೇಳಿಸಲಿಲ್ಲ.

ಆಮೇಲೆ ನಮ್ಮ ಯಂತ್ರವನ್ನು ನೋಡಿದೆವು. ಮಧ್ಯಾಹ್ನ ಯಾರೋ ಅದನ್ನು ಹೊಸದಾಗಿ ಚಾಲೂ ಮಾಡಿದ್ದರು. ಧ್ವನಿ ಹಿಡಿಯುವ ಪ್ರೋಗ್ರಾಂ ತನ್ನ ಹೊಂದಾಣಿಕೆ ಮರೆತು ಬೇರೆ ಬಾಗಿಲಿನಲ್ಲಿ ಕಾದು ಕುಳಿತಿತ್ತು. ಹುಡುಗ ಹೇಳಿದ ಒಂದೇ ಪದದಲ್ಲಿ ರೋಗ ನಿರ್ಣಯ ಪೂರ್ತಿ ಇತ್ತು: ದಾರಿ ಸರಿ, ಮನೆ ಸರಿ, ಬಾಗಿಲಲ್ಲಿ ಯಾರೂ ಇಲ್ಲ. ತಪ್ಪು ನಮ್ಮದೇ. ನಾನು ವಿಜ್ಞಾನ ಓದಿದವನು. ಪ್ರಯೋಗದ ಫಲಿತಾಂಶ ಕೈಯಲ್ಲಿಟ್ಟವನನ್ನು ಗದರಿಸಿ, ನನ್ನ ಊಹೆಯನ್ನು ನಂಬಿದ್ದೆ. ಮರುದಿನ ಫೋನು ಮಾಡಿ ಕ್ಷಮೆ ಕೇಳಿದೆ. "ಇರಲಿ ಬಿಡ್ರಿ ಸರ್" ಎಂದ. ಆದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ತಲುಪಿಸಲು ನಮ್ಮಲ್ಲಿ ಅವಳ ವಿಳಾಸ ಇರಲಿಲ್ಲ.

ಕೇಳುತ್ತಿರುವವರು ಯಾರು?

ನಾವು ಮಾಡಬೇಕಾಗಿದ್ದ ಪರೀಕ್ಷೆ ಅರ್ಧ ನಿಮಿಷದ್ದು. ಲಿನಕ್ಸ್‌ನಲ್ಲಿ ಎಸ್‌ಎಸ್, ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್ ಎಂಬ ಆಜ್ಞೆ ಕಂಪ್ಯೂಟರಿನ ಸಂಪರ್ಕಗಳ ಪಟ್ಟಿಯನ್ನು ಕೊಡುತ್ತದೆ. "ಲಿಸನ್" ಎಂದಿದ್ದರೆ ಆ ಬಾಗಿಲಿನಲ್ಲಿ ಯಾರೋ ಕಾಯುತ್ತಿದ್ದಾರೆ. "ಎಸ್ಟ್ಯಾಬ್" ಎಂದಿದ್ದರೆ ಮಾತುಕತೆ ನಡೆಯುತ್ತಿದೆ. "ಸಿನ್-ಸೆಂಟ್" ಎಂದೇ ನಿಂತಿದ್ದರೆ ನಾವು ಬಡಿದಿದ್ದೇವೆ, ಆ ಕಡೆಯಿಂದ ಸದ್ದಿಲ್ಲ. ನೆಟ್‌ಸ್ಟ್ಯಾಟ್‌ಗೆ ಅಡ್ಡಗೆರೆ ಹಾಕಿ ಎ, ಎನ್, ಓ ಅಕ್ಷರಗಳನ್ನು ಸೇರಿಸಿದರೆ ಯಾವ ಪ್ರೋಗ್ರಾಂ ಬಾಗಿಲು ಹಿಡಿದಿದೆ ಎಂಬುದರ ಕ್ರಮಸಂಖ್ಯೆಯೂ ಸಿಗುತ್ತದೆ. ಬೇಡವಾದ ಪ್ರೋಗ್ರಾಂ ಕಂಡರೆ ಅದನ್ನು ನಿಲ್ಲಿಸಿ. ಬಾಗಿಲು ತಾನಾಗಿ ಮುಚ್ಚುತ್ತದೆ. ಪ್ರಯೋಗ ಮುಗಿದ ಮೇಲೆ ನಿಮ್ಮ 5000ನೇ ಬಾಗಿಲನ್ನೂ ಮುಚ್ಚಲು ಮರೆಯಬೇಡಿ.

ಒಂದೇ ವೈಫೈ ದಾಟಿ ಹೊರಗೆ ಹೋದರೆ

ಮನೆಯೊಳಗೆ ಸಲೀಸಾಗಿ ನಡೆದ ಪ್ರಯೋಗ ಬೇರೆ ಊರಿನ ಗೆಳೆಯನೊಂದಿಗೆ ನಡೆಯುವುದಿಲ್ಲ. ಏಕೆ? ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿಯೇ ಮುಗಿದುಹೋಯಿತು. ಅದಕ್ಕಾಗಿ ಒಂದು ಮನೆಯ, ಕೆಲವೊಮ್ಮೆ ಮೊಬೈಲ್ ಕಂಪನಿಯ ಸಾವಿರಾರು ಗ್ರಾಹಕರ, ಯಂತ್ರಗಳೆಲ್ಲ ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುತ್ತವೆ. ಈ ಹಂಚಿಕೆಗೆ ನ್ಯಾಟ್ ಎಂದು ಹೆಸರು. 192.168ರಿಂದ ಅಥವಾ 10ರಿಂದ ಆರಂಭವಾಗುವ ವಿಳಾಸಗಳು ಒಳಮನೆಯವು. ಹೊರಗಿನವರಿಗೆ ಅವು ತಿಳಿಯುವುದಿಲ್ಲ.

ನ್ಯಾಟ್ ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದ ಹಾಗೆ. ಒಳಗಿನವರು ಹೊರಗೆ ಪತ್ರ ಬರೆದರೆ ಅದನ್ನು ನೆನಪಿಟ್ಟುಕೊಂಡು ಅದರ ಉತ್ತರವನ್ನು ಒಳಗೆ ಬಿಡುತ್ತಾನೆ. ಯಾರೂ ಕೇಳದೆ ಬಂದ ಪತ್ರವನ್ನು ಒಳಗೆ ಬಿಡುವುದಿಲ್ಲ. ಎರಡೂ ಕಡೆ ಇಂತಹ ವಾಚ್‌ಮನ್‌ಗಳಿದ್ದರೆ ಮೊದಲು ಪತ್ರ ತಲುಪಿಸುವುದು ಹೇಗೆ? ಇದಕ್ಕೂ ಉಪಾಯವಿದೆ. ಇಬ್ಬರೂ ಹೊರಗಿನ ಮೂರನೆಯ ಯಂತ್ರವೊಂದನ್ನು "ನನ್ನ ಹೊರವಿಳಾಸ ನಿನಗೆ ಹೇಗೆ ಕಾಣುತ್ತದೆ?" ಎಂದು ಕೇಳುತ್ತಾರೆ. 2003ರಲ್ಲಿ ಗೊತ್ತುಪಡಿಸಿದ ಸ್ಟನ್ ಎಂಬ ಪದ್ಧತಿ ಇದಕ್ಕಾಗಿಯೇ ಇದೆ. ಆ ವಿಳಾಸಗಳನ್ನು ಪರಸ್ಪರ ತಿಳಿಸಿಕೊಂಡು, ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಒಬ್ಬರಿಗೊಬ್ಬರು ಪತ್ರ ಕಳುಹಿಸುತ್ತಾರೆ. ಎರಡೂ ಕಡೆಯ ವಾಚ್‌ಮನ್‌ಗಳು "ಇದು ನಮ್ಮವರು ಬರೆದ ಪತ್ರದ ಉತ್ತರ" ಎಂದುಕೊಂಡು ಒಳಗೆ ಬಿಡುತ್ತಾರೆ. ಎಲ್ಲ ಬಗೆಯ ನ್ಯಾಟ್‌ನಲ್ಲೂ ಇದು ನಡೆಯದು. ಆಗ ಮಧ್ಯದ ಯಂತ್ರವೊಂದರ ಮೂಲಕವೇ ಮಾತು ಹಾಯಿಸಬೇಕಾಗುತ್ತದೆ.

ಇಂತಹ ಸಂಪರ್ಕಗಳು ಹೆಚ್ಚಾಗಿ ಯುಡಿಪಿ ಎಂಬ ವಿಧಾನವನ್ನು ಬಳಸುತ್ತವೆ. ನೆಟ್‌ಕ್ಯಾಟ್‌ನಲ್ಲಿ ಅಡ್ಡಗೆರೆ ಮತ್ತು ಯು ಅಕ್ಷರ ಸೇರಿಸಿದರೆ ಅದನ್ನೂ ಪರೀಕ್ಷಿಸಬಹುದು. ಆದರೆ ಯುಡಿಪಿ ಅಂಚೆಕಾರ್ಡಿನಂತೆ. ಮುಟ್ಟಿತೆಂಬ ರಸೀತಿ ಇಲ್ಲ. ಪೊಟ್ಟಣ ದಾರಿಯಲ್ಲಿ ಕಳೆದುಹೋದರೂ ಪರದೆಯ ಮೇಲೆ "ಸಕ್ಸೀಡೆಡ್" ಎಂದು ಬರಬಹುದು. ಆದ್ದರಿಂದ ಯುಡಿಪಿಯಲ್ಲಿ ಆ ಕಡೆಯವರು ಬರೆದ ಅಕ್ಷರ ನಿಮ್ಮ ಪರದೆಯಲ್ಲಿ ಕಾಣುವವರೆಗೂ ನಂಬಬೇಡಿ.

ಕೊನೆಯ ಮಾತು

ಈ ಪ್ರಯೋಗಗಳನ್ನು ನಿಮ್ಮ ಕಂಪ್ಯೂಟರುಗಳಲ್ಲಿ, ಅಥವಾ ಒಡೆಯರ ಒಪ್ಪಿಗೆ ಪಡೆದ ಕಂಪ್ಯೂಟರುಗಳಲ್ಲಿ ಮಾತ್ರ ಮಾಡಿ. ಕಾಲೇಜಿನ ಲ್ಯಾಬ್‌ನಲ್ಲಾದರೆ ಅಧ್ಯಾಪಕರನ್ನು ಕೇಳಿ. ಒಪ್ಪಿಗೆಯಿಲ್ಲದೆ ಇತರರ ಯಂತ್ರದೊಳಗೆ ನುಗ್ಗುವುದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಬೀದಿಯ ಪ್ರತಿ ಮನೆಯ ಬಾಗಿಲನ್ನೂ ತಳ್ಳಿ ನೋಡುವವನನ್ನು ಯಾರೂ ವಿಜ್ಞಾನಿ ಎನ್ನುವುದಿಲ್ಲ.

ಪರೀಕ್ಷೆಯ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊದಲು ನಮ್ಮ ಯಂತ್ರ: ಪ್ರೋಗ್ರಾಂ ಸರಿಯಾದ ಬಾಗಿಲಿನಲ್ಲಿ ಕಾದಿದೆಯೇ? ನಂತರ ಪಿಂಗ್: ದಾರಿ ಇದೆಯೇ? ಇಲ್ಲವಾದರೆ ಟ್ರೇಸ್‌ರೂಟ್: ಎಲ್ಲಿಯವರೆಗೆ ಇದೆ? ನಂತರ ನೆಟ್‌ಕ್ಯಾಟ್: ಬಾಗಿಲು ತೆರೆಯಿತೇ, ನಿರಾಕರಿಸಿತೇ, ಮೌನವೇ? ನಮ್ಮ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಇಂತಹದೇ ಒಂದು ಚೀಟಿ ಅಂಟಿಸಿದೆ. ಅದರ ಮೊದಲ ಸಾಲು ಆ ಹುಡುಗನ ಮಾತು, ಅವನ ಭಾಷೆಯಲ್ಲಿಯೇ: "ಒಮ್ಮೆ ನಿಮ್ಮ ಮಷೀನ್ ನೋಡ್ರಲಾ."